ಅಕ್ಕನಿಗೆ, ಚಿಕ್ಕವಳ ಹೃದಯದ ವಿಷಯವಾಗಿ

ಲಂಡನ್
8 ಫೆಬ್ರುವರಿ 2026

ತೀರ್ಥರೂಪ ಸಮಾನರಾದ ಅಕ್ಕನವರಿಗೆ ನಿಮ್ಮ ತಂಗಿಯ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಗವಿಮಠದ ಜಾತ್ರೆಯ ಫೋಟೋಗಳು ತಲುಪಿದವು. ಆದರೆ ನಿಮ್ಮ ಕಿರಿಮಗಳು, ನಮ್ಮ ಚಿಕ್ಕವಳು, ಮಠದ ಮೆಟ್ಟಿಲು ಹತ್ತುವಾಗ ಎರಡು ಕಡೆ ಕುಳಿತು ಸುಧಾರಿಸಿಕೊಂಡಳೆಂದು ನೀವು ಹೇಳಿದ್ದು ಅಂದಿನಿಂದ ನನ್ನ ಮನಸ್ಸನ್ನು ಬಿಟ್ಟುಹೋಗಿಲ್ಲ. ಗದ್ದಲದಲ್ಲಿ ದಣಿದಿರಬೇಕು ಎಂದಿರಿ. ಇರಬಹುದು. ಆದರೂ ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಉಳಿದುಹೋಗುತ್ತದೆಂದು ಕಾಗದ ಬರೆಯುತ್ತಿದ್ದೇನೆ. ಭಾವನವರಿಗೂ ಓದಿ ಹೇಳಿರಿ.

ಅವಳು ಮೂರು ವರ್ಷದವಳಿದ್ದಾಗ ಅಂಗಳದಲ್ಲಿ ಓಡುತ್ತ ಓಡುತ್ತ ತಟ್ಟನೆ ಕುಕ್ಕರಗಾಲಿನಲ್ಲಿ ಕೂಡುತ್ತಿದ್ದುದು ನಿಮಗೆ ನೆನಪಿರಬೇಕು. ತುಟಿಯೂ ಉಗುರೂ ನೇರಳೆ ಹಣ್ಣು ತಿಂದಂತೆ ಕಾಣುತ್ತಿದ್ದವು. ಓಣಿಯವರು ಮೈಗಳ್ಳಿ ಎಂದರು, ಅವ್ವ ದೃಷ್ಟಿ ತೆಗೆದಳು. ಹಾಗೆ ಕುಳಿತಾಗ ತೊಡೆಯ ರಕ್ತನಾಳಗಳು ಅದುಮಿಕೊಂಡು ಶ್ವಾಸಕೋಶದ ಕಡೆಗೆ ಹೆಚ್ಚು ರಕ್ತ ಹೋಗುತ್ತದೆ ಎಂಬುದು ನನಗೆ ತಿಳಿದದ್ದು ಇಲ್ಲಿ ಮಕ್ಕಳ ಹೃದಯ ವಿಭಾಗದಲ್ಲಿ ನರ್ಸ್ ಆಗಿ ಸೇರಿದ ಮೇಲೆ. ಯಾರೂ ಹೇಳಿಕೊಡದೆ ಆ ಕೂಸು ತನ್ನ ಮದ್ದನ್ನು ತಾನೇ ಕಂಡುಕೊಂಡಿತ್ತು. ನಾವು ಅದನ್ನು ಬೈದೆವಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಅವಳದು ಟೆಟ್ರಾಲಜಿ ಆಫ್ ಫ್ಯಾಲೋ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು, ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು. ಈ ಮಕ್ಕಳಿಗೆ ಮೊದಲ ದಾರಿ ತೆರೆದದ್ದು 1944ರ ನವೆಂಬರ್ 29ರಂದು, ಅಮೆರಿಕದ ಬಾಲ್ಟಿಮೋರಿನಲ್ಲಿ. ಹೆಲೆನ್ ಟೌಸಿಗ್ ಎಂಬ ವೈದ್ಯೆಯ ಯೋಚನೆಯಂತೆ ಆಲ್‌ಫ್ರೆಡ್ ಬ್ಲೇಲಾಕ್ ಶ್ವಾಸಕೋಶದ ನಾಳಕ್ಕೆ ಇನ್ನೊಂದು ರಕ್ತನಾಳ ಜೋಡಿಸುವ ಶಸ್ತ್ರಚಿಕಿತ್ಸೆ ಮಾಡಿದರು; ಪ್ರಯೋಗಶಾಲೆಯಲ್ಲಿ ಆ ಜೋಡಣೆಯನ್ನು ರೂಢಿಸಿದ್ದ ವಿವಿಯನ್ ಥಾಮಸ್, ಬ್ಲೇಲಾಕರ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು ಹೇಳಿಕೊಡುತ್ತಿದ್ದರು. ಅದಕ್ಕೂ ಮುಂಚೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ದೊಡ್ಡವರಾಗುತ್ತಲೇ ಇರಲಿಲ್ಲ. ಹೀಗಾಗಿ ಬೆಳೆದ ಮೇಲೆ ಈ ಹೃದಯಕ್ಕೆ ಏನಾಗುತ್ತದೆ ಎಂಬುದನ್ನು ವೈದ್ಯರೂ ಬದುಕುಳಿದವರನ್ನು ನೋಡುತ್ತ ನೋಡುತ್ತಲೇ ಕಲಿಯಬೇಕಾಯಿತು.

ಅವರು ಕಲಿತದ್ದನ್ನು ನಿಮಗೆ ಹೇಳಬೇಕಾಗಿದೆ. ಅವಳಿಗೆ ನಾಲ್ಕನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಆದಾಗ ತೂತಿಗೆ ತೇಪೆ ಹಾಕಿ, ಇಕ್ಕಟ್ಟಾದ ದಾರಿಯನ್ನು ಅಗಲ ಮಾಡಿದರು. ಹಾಗೆ ಅಗಲ ಮಾಡಿದಾಗ ಅಲ್ಲಿನ ಕವಾಟ ಅನೇಕರಲ್ಲಿ ಸರಿಯಾಗಿ ಮುಚ್ಚದೆ, ಮುಂದೆ ಹೋದ ರಕ್ತ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸೋರುತ್ತದೆ. ಹತ್ತು ಹದಿನೈದು ವರ್ಷ ಅದು ಯಾರಿಗೂ ಗೊತ್ತಾಗದಿರಬಹುದು. ಬಲಭಾಗದ ಕೋಣೆ ಹಿಗ್ಗುತ್ತ ಬರುತ್ತದೆ, ಒಮ್ಮೊಮ್ಮೆ ಎದೆಬಡಿತ ಲಯ ತಪ್ಪುತ್ತದೆ. ತಕ್ಕ ಸಮಯದಲ್ಲಿ ಕಂಡುಹಿಡಿದರೆ ಹೊಸ ಕವಾಟ ಕೂಡಿಸುತ್ತಾರೆ. ಕೆಲವರಿಗೆ ಎದೆ ಕೊಯ್ಯದೆ, ತೊಡೆಯ ರಕ್ತನಾಳದ ಮೂಲಕವೇ ಕೂಡಿಸಲು ಬರುತ್ತದೆ. ತಡವಾದರೆ ಹಿಗ್ಗಿದ ಕೋಣೆ ಮತ್ತೆ ಮೊದಲಿನಂತೆ ಆಗುವುದು ಕಷ್ಟ. ಅವಳಿಗೆ ಇದೇ ಆಗಿದೆಯೆಂದು ನಾನು ಹೇಳುತ್ತಿಲ್ಲ. ಆದರೆ ಅವಳಿಗೀಗ 19, ಹೃದಯದ ಸ್ಕ್ಯಾನ್ ಆದ ಎಕೋ ಕೊನೆಯ ಸಲ ಆದದ್ದು ಅವಳ 12ನೇ ವಯಸ್ಸಿನಲ್ಲಿ. ಅಂದು ಯಾರೋ ಒಬ್ಬರು "ಪೂರಾ ಗುಣ ಆಯ್ತು, ಇನ್ನು ಬರೋದು ಬೇಡ" ಎಂದು ಕಳಿಸಿಬಿಟ್ಟರಲ್ಲ, ಆ ಮಾತಿನ ಮೇಲೆ ನನಗೆ ಬಹಳ ಸಿಟ್ಟಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಮಕ್ಕಳನ್ನು ನೋಡುತ್ತದೆ, ಆದರೆ ಅದು 18ರವರೆಗೆ ಮಾತ್ರ. ಆಮೇಲೆ ಮನೆಯವರೇ ನೆನಪಿಟ್ಟು ಕರೆದೊಯ್ಯಬೇಕು.

ಇಲ್ಲಿ 12ನೇ ವಯಸ್ಸಿನ ಹೊತ್ತಿಗೇ ಮಕ್ಕಳನ್ನು ದೊಡ್ಡವರ ವಿಭಾಗಕ್ಕೆ ಅಣಿಮಾಡಲು ತೊಡಗುತ್ತಾರೆ. ಹೋದ ವಾರ ಒಬ್ಬ ಹುಡುಗ ತಾಯಿಯ ಜೊತೆ ಬಂದಿದ್ದ. ಡಾಕ್ಟರು ಕೇಳಿದ ಪ್ರಶ್ನೆಗಳಿಗೆಲ್ಲ ತಾಯಿಯೇ ಉತ್ತರ ಕೊಡುತ್ತಿದ್ದಾಗ, ಅವರು ತಮ್ಮ ಕುರ್ಚಿಯನ್ನು ಹುಡುಗನ ಕಡೆಗೆ ತಿರುಗಿಸಿ, ಬಿಳಿ ಹಾಳೆ ಪೆನ್ನು ಕೊಟ್ಟು, "ನಿನ್ನ ಹೃದಯ ಹೇಗಿದೆ, ಬರೆದು ತೋರಿಸು" ಎಂದರು. ಅವನು ನಾಲ್ಕು ಕೋಣೆ ಬರೆದ, ತೇಪೆ ಇದ್ದಲ್ಲಿ ಅಡ್ಡಗೆರೆಗಳನ್ನು ಎಳೆದ, ಸೋರುವ ಕವಾಟಕ್ಕೆ ಬಾಣ ಹಾಕಿದ. ನಮ್ಮ ಹುಡುಗಿಗೆ ತನ್ನ ಹೃದಯದ ಬಗ್ಗೆ ಎಷ್ಟು ಗೊತ್ತಿದೆ, ಅಕ್ಕ? ಎದೆಯ ಗೆರೆ ಕಾಣಬಾರದೆಂದು ಕುತ್ತಿಗೆಯವರೆಗೆ ಬರುವ ಕುಪ್ಪಸ ಹೊಲಿಸುವುದಷ್ಟೇ ನಾವು ಅವಳಿಗೆ ಕಲಿಸಿದ್ದು.

ಇನ್ನು ದೊಡ್ಡವಳ ಮಾತು. ಅವಳಿಗೀಗ ಐದನೇ ತಿಂಗಳು. ಗಂಡ ನಮ್ಮ ತಮ್ಮನೇ, ಎಂದರೆ ಸ್ವಂತ ಸೋದರಮಾವ. ಬೆನ್ನಿಗೆ ಬಿದ್ದ ತಂಗಿಗೆ ಹುಟ್ಟು ಹೃದ್ರೋಗವಿತ್ತು. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎಂಟರಿಂದ ಹತ್ತು ಮಕ್ಕಳಿಗೆ ಇಂಥ ದೋಷ ಇರುತ್ತದೆ, ಹತ್ತಿರದ ರಕ್ತಸಂಬಂಧದಲ್ಲಿ ಅದು ಇನ್ನಷ್ಟು ಹೆಚ್ಚು. ಆದ್ದರಿಂದ ಸಾಮಾನ್ಯ ಸ್ಕ್ಯಾನ್ ಸಾಲದು, ಹೊಟ್ಟೆಯೊಳಗಿನ ಕೂಸಿನ ಹೃದಯವನ್ನೇ ನೋಡುವ ಫೀಟಲ್ ಎಕೋ ಮಾಡಿಸಬೇಕು. ಅದಕ್ಕೆ 18ರಿಂದ 24 ವಾರದ ನಡುವಿನ ಕಾಲ ಸರಿ, ಹೀಗಾಗಿ ಏಳನೇ ತಿಂಗಳ ಕುಬಸದವರೆಗೆ ಕಾಯಬೇಡಿರಿ. ಗರ್ಭದಲ್ಲಿ ಕೂಸು ಶ್ವಾಸಕೋಶದಿಂದ ಉಸಿರಾಡುವುದಿಲ್ಲವಾದ್ದರಿಂದ ಡಕ್ಟಸ್ ಎಂಬ ಒಂದು ಅಡ್ಡನಾಳದ ಮೂಲಕ ರಕ್ತ ಹರಿಯುತ್ತಿರುತ್ತದೆ. ಕೆಲವು ದೋಷಗಳಿರುವ ಕೂಸು ಆ ನಾಳದ ಬಲದಿಂದಲೇ ಗುಂಡಗೆ ಹುಟ್ಟಿ, ಒಂದೆರಡು ದಿನದಲ್ಲಿ ನಾಳ ಮುಚ್ಚಿಕೊಳ್ಳುತ್ತಿದ್ದಂತೆ ನೀಲಿಗಟ್ಟುತ್ತದೆ. ಮೊದಲೇ ಗೊತ್ತಿದ್ದರೆ ಹೃದಯದ ಡಾಕ್ಟರು ಇರುವ ಊರಿನಲ್ಲೇ ಹೆರಿಗೆ ಮಾಡಿಸಿ, ಪ್ರೋಸ್ಟಗ್ಲ್ಯಾಂಡಿನ್ ಎಂಬ ಔಷಧವನ್ನು ಡ್ರಿಪ್‌ನಲ್ಲಿ ಕೊಟ್ಟು, ಆಪರೇಷನ್ ಆಗುವವರೆಗೆ ಆ ನಾಳವನ್ನು ತೆರೆದಿಡಬಹುದು. ಕೊಪ್ಪಳದಲ್ಲಿ ಹೆತ್ತು, ನೀಲಿಗಟ್ಟಿದ ಕೂಸನ್ನು ಮಡಿಲಲ್ಲಿ ಹಿಡಿದು ರಾತ್ರಿಯೆಲ್ಲ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಓಡುವ ಪಾಡು ತಪ್ಪುತ್ತದೆ.

ಚಿಕ್ಕವಳು ಹುಟ್ಟಿದಾಗ ಬಸುರಿ ಗ್ರಹಣ ನೋಡಿದಳೆಂದು ನಿಮ್ಮನ್ನು ಅಂದವರಿದ್ದರು. ಕೂಸಿನ ಹೃದಯ ರೂಪುಗೊಂಡು ಮುಗಿಯುವುದು ಎರಡು ತಿಂಗಳೊಳಗೆ. ನೀವು ಗ್ರಹಣ ನೋಡಿದ್ದು ಆರನೇ ತಿಂಗಳಲ್ಲಿ. ನಿಮ್ಮ ತಪ್ಪು ಎಳ್ಳಷ್ಟೂ ಇರಲಿಲ್ಲ, ಅಕ್ಕ.

ಚಿಕ್ಕವಳನ್ನು ಅಣ್ಣನ ಮಗನಿಗೆ ಕೇಳುತ್ತಿದ್ದಾರೆಂದು ಬರೆದಿದ್ದೀರಿ. ದಯವಿಟ್ಟು ತಡೆಯಿರಿ. ಮತ್ತೆ ರಕ್ತಸಂಬಂಧ ಬೇಡ. ಯಾರಿಗೆ ಕೊಟ್ಟರೂ ಅವಳು ತಾಯಿಯಾಗುವ ಮುಂಚೆ ಹೃದಯದ ತಪಾಸಣೆ ಆಗಲೇಬೇಕು. ಆಪರೇಷನ್ ಆದ ಅನೇಕ ಹೆಣ್ಣುಮಕ್ಕಳು ಸುಖವಾಗಿ ಹೆರುತ್ತಾರೆ, ಆದರೆ ಹೃದಯದ ಸ್ಥಿತಿ ತಿಳಿದು, ವೈದ್ಯರ ಕಣ್ಣಳತೆಯಲ್ಲಿದ್ದು. ವರನ ಮನೆಯವರಿಗೆ ಇದನ್ನು ಮುಚ್ಚಿಡುವುದೂ ನನಗೆ ಒಪ್ಪಿಗೆಯಿಲ್ಲ.

ಅಟ್ಟದ ಟ್ರಂಕಿನಲ್ಲಿ ಅವಳ ಆಸ್ಪತ್ರೆಯ ಫೈಲು ಇರಬೇಕು. ಆಪರೇಷನ್ ಹಾಳೆಯ ಪ್ರತಿ ಪುಟದ ಫೋಟೋ ತೆಗೆದು ಕಳಿಸಿರಿ. ಹಂಪಿ ಎಕ್ಸ್‌ಪ್ರೆಸ್ಸಿಗೆ ಇಬ್ಬರಿಗೂ ಟಿಕೆಟ್ ಮಾಡಿಸಿ ಒಟ್ಟಿಗೇ ಕರೆದುಕೊಂಡು ಹೋಗಿರಿ, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತೋರಿಸಬಹುದು. ಬಿಪಿಎಲ್ ಕಾರ್ಡನ್ನು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡನ್ನು ಮರೆಯಬೇಡಿರಿ. ಪ್ರಯಾಣದ ಹಣ ನಾನು ಕಳಿಸುತ್ತೇನೆ.

ಬರುವ ರವಿವಾರ ಸಂಜೆ ಫೋನ್ ಮಾಡುತ್ತೇನೆ. ನೀವು ಮಾತಾಡಿದ ಮೇಲೆ ಫೋನನ್ನು ಚಿಕ್ಕವಳ ಕೈಗೆ ಕೊಟ್ಟು, ಸ್ವಲ್ಪ ಹೊತ್ತು ಅವಳೊಬ್ಬಳನ್ನೇ ಬಿಡಿರಿ. ಒಂದು ಹಾಳೆ, ಪೆನ್ನು ಇಟ್ಟುಕೊಂಡಿರಲು ಹೇಳಿರಿ.

ನಿಮ್ಮ ಪ್ರೀತಿಯ ತಂಗಿ