ಮುಖಪುಟ ನೋಡಿದರೆ ವಯಸ್ಸು ಗೊತ್ತಾಗಲ್ಲ

ಮಾನ್ಯ ಸಂಪಾದಕರೇ,

ನಾನು ಆರನೇ ತರಗತಿಗೆ ಗಣಿತ ಹೇಳಿಕೊಡುವ ಮೇಷ್ಟ್ರು. ಕಳೆದ ತಿಂಗಳು ಭಿನ್ನರಾಶಿ ಪಾಠ ನಡೆಯುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಪಠ್ಯಪುಸ್ತಕದಲ್ಲಿ ಮುಖ ಹುದುಗಿಸಿ ಕಿಸಕ್ಕನೆ ನಕ್ಕ. ಭಿನ್ನರಾಶಿಯಲ್ಲಿ ನಗುವಂಥದ್ದು ಏನೂ ಇಲ್ಲ, ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಹತ್ತಿರ ಹೋದರೆ ಒಳಗೊಂದು ತೆಳ್ಳಗಿನ ಕಾದಂಬರಿ. ಮೇಲೆ ಕಾರ್ಟೂನ್ ಹುಡುಗ, ಕಾರ್ಟೂನ್ ಹುಡುಗಿ, ನಡುವೆ ಗುಲಾಬಿ ಬಣ್ಣದ ಹೃದಯ. ಕಿತ್ತುಕೊಂಡೆ. ‘ಅಕ್ಕಂದು ಸಾರ್’ ಎಂದ. ಕಿವಿ ಕೆಂಪಾಗಿತ್ತು. ಅವನಿಗೆ ಅಕ್ಕನೇ ಇಲ್ಲ ಅಂತ ಆಮೇಲೆ ಗೊತ್ತಾಯಿತು.

ಬಿಡುವಿನ ಪೀರಿಯಡ್‌ನಲ್ಲಿ ಸುಮ್ನೆ ಎರಡು ಪುಟ ತಿರುವಿದೆ. ಮುಂದಿನ ಗಂಟೆ ಹೊಡೆದಿದ್ದು ಕೇಳಲೇ ಇಲ್ಲ. ಒಂದು ಅಧ್ಯಾಯ ಹುಡುಗ ಹೇಳುತ್ತಾನೆ, ಮುಂದಿನದು ಹುಡುಗಿ. ಅವಳು ತನ್ನನ್ನು ಗುರಾಯಿಸಿದಳು ಅಂತ ಅವನು ರಾತ್ರಿಯೆಲ್ಲ ನಿದ್ದೆಗೆಡುತ್ತಾನೆ. ಅವಳ ಅಧ್ಯಾಯಕ್ಕೆ ಬಂದರೆ, ಪಾಪ, ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದಾಳೆ. ಕಣ್ಣು ಕಿರಿದು ಮಾಡಿ ಬೋರ್ಡ್ ಓದುತ್ತಿದ್ದಳು, ಅಷ್ಟೇ. ನಮ್ಮ ಹುಡುಗ ನಕ್ಕಿದ್ದು ಅಲ್ಲೇ ಇರಬೇಕು. ನಾನೂ ನಕ್ಕೆ. ಕೊನೆಗೆ ಇಬ್ಬರೂ ಒಂದೇ ಛತ್ರಿಯಡಿ ನಡೆಯುತ್ತಾರೆ. ಭುಜಕ್ಕೆ ಭುಜ ತಾಗಿದ್ದೇ ದೊಡ್ಡ ಘಟನೆ, ಅದಕ್ಕೇ ಅರ್ಧ ಪುಟ.

ಪ್ರೇಮ ಅಂತ ಹೆಸರೇ ಹೊರತು ಇದರಲ್ಲಿ ಅದು ಇರುವುದು ನಾಲ್ಕನೇ ಒಂದು ಭಾಗ. ಉಳಿದ ಮುಕ್ಕಾಲು ಜೀವದ ಗೆಳತಿ ಮುನಿಸಿಕೊಂಡಿದ್ದು, ಮೊದಲ ಮೊಡವೆ, ತಪ್ಪು ಕೈಗೆ ಸಿಕ್ಕ ಚೀಟಿ. (ಭಿನ್ನರಾಶಿ ಮೇಷ್ಟ್ರ ಲೆಕ್ಕ, ನಂಬಬಹುದು.) ಮರುದಿನವೇ ಪುಸ್ತಕ ವಾಪಸ್ ಕೊಟ್ಟೆ. ಇನ್ನೊಂದು ತಂದುಕೊಡುತ್ತೇನೆ ಅಂತ ಮಾತೂ ಕೊಟ್ಟೆ.

ಎಡವಟ್ಟಾಗಿದ್ದು ಅಲ್ಲಿ. ಅದೇ ಥರದ ಕಾರ್ಟೂನ್ ಜೋಡಿ, ಅದೇ ಗುಲಾಬಿ ಬಣ್ಣ ನೋಡಿ ಒಂದು ಕೊಂಡೆ. ಕೊಡುವ ಮೊದಲು ಓದಿದ್ದು ನನ್ನ ಪುಣ್ಯ. ಐದನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಎದ್ದುಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಬಂದೆ. ಅದು ಅಪ್ಪಟ ದೊಡ್ಡವರ ಪುಸ್ತಕ. ಈಚಿನ ವರ್ಷಗಳಲ್ಲಿ ದೊಡ್ಡವರ ಪ್ರೇಮ ಕಾದಂಬರಿಗಳಿಗೂ ಇಂಥ ಮುದ್ದು ಮುದ್ದಾದ ಚಿತ್ರ ಹಾಕುವುದು ಜಾಸ್ತಿಯಾಗಿದೆ. ಹಿಂದೆ ಅಪ್ಪಿಕೊಂಡ ಜೋಡಿಯ ಚಿತ್ರ ನೋಡಿದ ಕೂಡಲೇ ಇದು ಮಕ್ಕಳಿಗಲ್ಲ ಅಂತ ಗೊತ್ತಾಗುತ್ತಿತ್ತು.

ಪ್ರಕಾಶಕರಿಗೆ ವಯಸ್ಸಿನ ಲೆಕ್ಕ ಬರುವುದಿಲ್ಲ ಎಂದೇನಲ್ಲ. 1983ರಲ್ಲಿ ಶುರುವಾದ ‘ಸ್ವೀಟ್ ವ್ಯಾಲಿ ಹೈ’ ಎಂಬ ಅಮೆರಿಕದ ಹದಿಹರೆಯದವರ ಕಾದಂಬರಿ ಮಾಲಿಕೆಯ ಅವಳಿ ಹುಡುಗಿಯರಿಗೆ 16 ವರ್ಷ. ಇನ್ನೂ ಚಿಕ್ಕ ಓದುಗರಿಗೆ ಅಂತಲೇ 1986ರಲ್ಲಿ ಅದೇ ಅವಳಿಗಳನ್ನು ಆರನೇ ತರಗತಿಗೆ ಇಳಿಸಿ ಬೇರೆ ಮಾಲಿಕೆ ತಂದರು. ಆಗ ಆಗಿದ್ದು ಈಗ ಯಾಕಾಗದು? ಬೆನ್ನಪುಟದಲ್ಲಿ ‘9ರಿಂದ 12 ವರ್ಷದವರಿಗೆ’ ಅಂತ ಕಣ್ಣಿಗೆ ಕಾಣುವಷ್ಟು ದಪ್ಪಕ್ಷರದಲ್ಲಿ ಹಾಕಲಿ, ಸಾಕು. ಕಥಾನಾಯಕಿಯ ವಯಸ್ಸು ನೋಡಿ ನಾವೇ ಅಂದಾಜು ಮಾಡೋಣ ಎಂದರೆ ಅದೂ ಕೈಕೊಡುತ್ತದೆ. ಹನ್ನೊಂದರ ಮಕ್ಕಳು ತಮಗಿಂತ ಎರಡು ವರ್ಷ ದೊಡ್ಡವರ ಕಥೆಯನ್ನೇ ಹುಡುಕುತ್ತಾರೆ. ಚಿಕ್ಕವರ ಕಥೆ ಯಾರಿಗೆ ಬೇಕು, ಅಲ್ವಾ?

ಅಪ್ಪ ಅಮ್ಮಂದಿರಿಗೂ, ನನ್ನಂಥ ಮೇಷ್ಟ್ರುಗಳಿಗೂ ಒಂದು ಮಾತು. ಕಿತ್ತುಕೊಳ್ಳುವುದಾದರೆ ಕಿತ್ತುಕೊಳ್ಳಿ, ಆದರೆ ಇಪ್ಪತ್ತು ಪುಟ ಓದಿ. ಬೈಯುವುದೋ ವಾಪಸ್ ಕೊಡುವುದೋ ಆಮೇಲೆ ನೋಡೋಣ.

ಹುಡುಗ ಮೊನ್ನೆ ಮೇಜಿನ ಹತ್ತಿರ ಬಂದು ನಿಂತ. ‘ಸಾರ್, ನನಗೆ ಅಂತ ತಂದ ಪುಸ್ತಕ?’ ಅದು ನನ್ನ ಬ್ಯಾಗಿನಿಂದ ಇಣುಕುತ್ತಿತ್ತು. ಗುಲಾಬಿ ಬಣ್ಣ ಬೇರೆ, ಮುಚ್ಚಿಡಲೂ ಆಗಲಿಲ್ಲ.

‘ಇದು ನಮ್ಮ ಅಕ್ಕಂದು ಕಣೋ’ ಎಂದೆ.

– ಒಬ್ಬ ಗಣಿತ ಮೇಷ್ಟ್ರು