ಮೂಟೆ ಲೆಕ್ಕ ಆಮೇಲೆ, ಮೊದಲು ತಕ್ಕಡಿ

ಗ್ರೆನೋಬಲ್, ಫ್ರಾನ್ಸ್

ಪ್ರೀತಿಯ ಅಣ್ಣನಿಗೆ ಮತ್ತು ಅತ್ತಿಗೆಗೆ ನಮಸ್ಕಾರಗಳು. ಅಮ್ಮನಿಗೆ ಸಾಷ್ಟಾಂಗ.

ಇಲ್ಲಿ ಎಲ್ಲ ಕ್ಷೇಮ. ಹೊಸ ಮನೆಗೆ ಮಣ್ಣಿನ ಬ್ಲಾಕ್, ಅಂದರೆ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಬ್ಲಾಕ್ ಹಾಕಬೇಕು ಅಂತ ನೀನು ಮನಸ್ಸು ಮಾಡಿದ್ದು ತಿಳಿದು ತುಂಬಾ ಖುಷಿಯಾಯಿತು. ನೂರು ಬ್ಲಾಕಿಗೆ ಎಷ್ಟು ಮೂಟೆ ಸಿಮೆಂಟು ಅಂತ ಕೇಳಿದ್ದೀಯ. ಹೆಚ್ಚುಕಡಿಮೆ ಒಂದು ಮೂಟೆ. ಆದರೆ ಅಷ್ಟನ್ನೇ ಮೇಸ್ತ್ರಿಗೆ ಹೇಳಿ ಕೆಲಸ ಶುರು ಮಾಡಿಸಬೇಡ. ಬ್ಲಾಕ್ ಗಟ್ಟಿಯಾಗುವುದು ಮುಖ್ಯವಾಗಿ ಸಿಮೆಂಟಿನಿಂದ ಅಂತ ಎಲ್ಲರೂ ತಿಳಿದಿದ್ದಾರೆ, ತಪ್ಪಾಗುವುದೂ ಅಲ್ಲೇ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗುತ್ತದೆ.

ನಮ್ಮ ಕಡೆ ಅಡುಗೆಮನೆಗಳಿಗೆ ಬಂದಿದ್ದ, ಸೌದೆ ಉಳಿಸುವ ಅಸ್ತ್ರ ಒಲೆ ಅಮ್ಮನಿಗೆ ನೆನಪಿರಬೇಕು. ಆ ಒಲೆ ಕೊಟ್ಟವರೇ ಈ ಬ್ಲಾಕನ್ನೂ ಕೊಟ್ಟವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಅನ್ನುವ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನವೇ ಅದರ ಕೆಲಸ. ಅಲ್ಲಿ ಮಣ್ಣನ್ನು ಹಿಡಿದು ಕೂತವರು ಸಿವಿಲ್ ಇಂಜಿನಿಯರಿಂಗ್ ಪ್ರಾಧ್ಯಾಪಕರಾದ ಕೆ.ಎಸ್. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ. ಒಬ್ಬ ಇಂಜಿನಿಯರಿಂಗ್ ಪ್ರಾಧ್ಯಾಪಕ ದಶಕಗಟ್ಟಲೆ ಮಣ್ಣಿನ ಇಟ್ಟಿಗೆ ಒತ್ತಿ, ನೀರಲ್ಲಿ ನೆನೆಸಿ, ಒಡೆದು, ಅಳೆದು ಬರೆದಿಡುವುದೆಂದರೆ ಸಣ್ಣ ಮಾತಲ್ಲ. ಕೈಯಲ್ಲಿ ಒತ್ತುವ ‘ಮರ್ದಿನಿ’ ಯಂತ್ರ ಬಂದದ್ದೂ ಅವರ ಕೆಲಸದಿಂದಲೇ. ಮುಂದೆ ನಾನು ಬರೆಯುವುದರಲ್ಲಿ ಬಹುಪಾಲು ಅವರ ದಾರಿಯದೇ.

ಮೊದಲು ಮಣ್ಣು. ಹೊಲದ ಮೇಲ್ಮಣ್ಣನ್ನು ಮುಟ್ಟಬೇಡ. ಒಂದು ಅಡಿ ತೆಗೆದು ಪಕ್ಕಕ್ಕೆ ಹಾಕಿಸು, ಅದು ತೋಟಕ್ಕೆ ಆಗುತ್ತದೆ. ಅದರಲ್ಲಿರುವ ಬೇರು, ಕೊಳೆತ ಎಲೆ, ಗೊಬ್ಬರದ ಅಂಶ ಸಿಮೆಂಟನ್ನು ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ. ಕೆಳಗಿನ ಕೆಂಪು ಮಣ್ಣು ನಮಗೆ ಬೇಕಾದದ್ದು. ಎರೆಮಣ್ಣು ಬೇಡವೇ ಬೇಡ. ಅದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಈ ಪ್ರಮಾಣದ ಸಿಮೆಂಟು ಅದನ್ನು ಹಿಡಿದಿಡಲಾರದು.

ಕೆಂಪು ಮಣ್ಣಾದರೂ ಹಾಗೇ ಹಾಕುವಂತಿಲ್ಲ, ಅದರಲ್ಲೂ ಸಾಮಾನ್ಯವಾಗಿ ಜೇಡಿ ಜಾಸ್ತಿ. ಸಿಮೆಂಟು ಮರಳಿನ ಕಾಳುಗಳನ್ನು ಒಂದಕ್ಕೊಂದು ಅಂಟಿಸುತ್ತದೆಯೇ ಹೊರತು ಜೇಡಿಯ ಉಂಡೆಯೊಳಕ್ಕೆ ಹೋಗುವುದಿಲ್ಲ. ಮಿಶ್ರಣದಲ್ಲಿ ಮರಳು ನೂರಕ್ಕೆ 65ರ ಆಸುಪಾಸು, ಜೇಡಿ 10ರಿಂದ 15 ಇದ್ದರೆ ಬ್ಲಾಕ್ ಚೆನ್ನಾಗಿ ಬರುತ್ತದೆ. ನಿನ್ನ ಮಣ್ಣಿನಲ್ಲಿ ಜೇಡಿ 30 ಇದೆ ಅಂದುಕೋ. ಅದಕ್ಕೆ ಸಮಸಮ ಎಂ ಸ್ಯಾಂಡ್ ಬೆರೆಸಿದರೆ 15ಕ್ಕೆ ಇಳಿಯಿತು. ಕ್ರಷರ್ ಪುಡಿಯೂ ಆಗುತ್ತದೆ, ಆದರೆ ತೀರಾ ಹಿಟ್ಟಿನಂಥದ್ದು ಬೇಡ.

ಜೇಡಿ ಎಷ್ಟಿದೆ ಅಂತ ತಿಳಿಯಲು ಉಪ್ಪಿನಕಾಯಿಯ ಗಾಜಿನ ಜಾಡಿ ಸಾಕು. ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಸಮನಾದ ಜಾಗದಲ್ಲಿಡು. ಒಂದೆರಡು ನಿಮಿಷದೊಳಗೆ ತಳಕ್ಕೆ ಕೂತದ್ದು ಮರಳು, ಅಲ್ಲಿಗೆ ಪೆನ್ನಿನಲ್ಲಿ ಗೆರೆ ಎಳೆ. ನುಣ್ಣನೆ ಧೂಳು ಆಮೇಲೆ ಕೂರುತ್ತದೆ, ಜೇಡಿ ಮಾರನೆಯ ದಿನದ ಹೊತ್ತಿಗೆ. ನೀರಲ್ಲಿ ಜೇಡಿ ಊದಿಕೊಂಡಿರುತ್ತದೆ, ಹಾಗಾಗಿ ಕಣ್ಣಿಗೆ ಕಂಡದ್ದಕ್ಕಿಂತ ನಿಜವಾದ ಪ್ರಮಾಣ ಕಡಿಮೆಯೇ. ಇದರ ಜೊತೆಗೆ ಇನ್ನೊಂದು ಪರೀಕ್ಷೆ ಮಾಡು. 60 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 4 ಸೆಂ.ಮೀ. ಆಳದ ಮರದ ಪೆಟ್ಟಿಗೆಗೆ ಒಳಗೆ ಎಣ್ಣೆ ಸವರಿ, ಹದವಾಗಿ ಕಲಸಿದ ಮಣ್ಣು ತುಂಬಿ ಒಣಗಲು ಬಿಡು. ಒಣಗಿದ ಮೇಲೆ ಬಿರುಕುಗಳೂ ಸೇರಿ ಒಟ್ಟು ಎಷ್ಟು ಕುಗ್ಗಿದೆ ನೋಡು. ಎರಡೂವರೆ ಸೆಂ.ಮೀ. ದಾಟಿದ್ದರೆ ಮರಳು ಇನ್ನೂ ಬೇಕು. ಈ ಎರಡು ಪರೀಕ್ಷೆಗೆ ಖರ್ಚೇ ಇಲ್ಲ, ಆದರೂ ಇವನ್ನು ಬಿಟ್ಟು ನೇರ ಒತ್ತಲು ಕೂರುವವರೇ ಹೆಚ್ಚು.

ಈಗ ತಕ್ಕಡಿಯ ಮಾತು. ಯಂತ್ರದ ಅಚ್ಚು 305 × 143 × 100 ಮಿ.ಮೀ. ಅಂತಿಟ್ಟುಕೋ. ಅದರೊಳಗೆ 4.36 ಲೀಟರ್ ಜಾಗ. ಒಳ್ಳೆಯ ಬ್ಲಾಕಿನ ಒಣ ಸಾಂದ್ರತೆ ಲೀಟರಿಗೆ 1.8 ಕೆ.ಜಿ. ಇರಬೇಕು, ಅಂದರೆ ಒಣ ತೂಕ 7.85 ಕೆ.ಜಿ. ನೂರಕ್ಕೆ ಹತ್ತರಷ್ಟು ನೀರು ಸೇರಿದರೆ ಹಸಿ ಮಿಶ್ರಣ 8.6 ಕೆ.ಜಿ. ಪ್ರತಿ ಬ್ಲಾಕಿಗೂ ಇಷ್ಟನ್ನೇ ತೂಗಿ ಅಚ್ಚಿಗೆ ಸುರಿಯಬೇಕು. ಸನಿಕೆ ಲೆಕ್ಕ, ಬಾಣಲಿ ಲೆಕ್ಕ ನಡೆಯುವುದಿಲ್ಲ. ಯಾಕೆಂದರೆ ಅಚ್ಚು ಯಾವಾಗಲೂ 100 ಮಿ.ಮೀ.ಗೇ ಮುಚ್ಚುತ್ತದೆ. ಅರ್ಧ ಕೆ.ಜಿ. ಕಡಿಮೆ ಹಾಕಿದರೂ ಅದೇ ಅಳತೆಯ, ಅಂಚು ನೀಟಾಗಿರುವ ಬ್ಲಾಕೇ ಹೊರಗೆ ಬರುತ್ತದೆ. ಯಂತ್ರದ ಹಿಡಿ ಸಲೀಸಾಗಿ ಕೆಳಗಿಳಿಯುತ್ತದೆ, ಒತ್ತುವವರಿಗೆ ಸುಖ. ಆದರೆ ಒಳಗೆಲ್ಲ ಪೊಳ್ಳು. ಸಾಂದ್ರತೆ ಸ್ವಲ್ಪ ಇಳಿದರೆ ಬಲ ಅದಕ್ಕಿಂತ ಎಷ್ಟೋ ಹೆಚ್ಚು ಇಳಿಯುತ್ತದೆ. ಹಿಡಿ ಒತ್ತುವಾಗ ಇಬ್ಬರ ಭಾರ ಬೀಳಬೇಕು, ಆಗಲೇ ಮಣ್ಣು ಸರಿಯಾಗಿ ತುಂಬಿದೆ ಅಂತ ತಿಳಿ.

ಬಲ ಸಾಲದೆ ಬಂದಾಗ ಮೇಸ್ತ್ರಿಗಳು ಸಿಮೆಂಟು ಏರಿಸುತ್ತಾರೆ. ಹಾಗೆ ಏರಿಸಿದರೆ ಇಂಧನ ಉಳಿಸಲು ನಾವು ಮಣ್ಣಿಗೆ ಬಂದ ಉದ್ದೇಶವೇ ಸೋರಿಹೋಗುತ್ತದೆ. 2003ರಲ್ಲಿ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಪ್ರಕಟಿಸಿದ ಲೆಕ್ಕದ ಪ್ರಕಾರ ಒಂದು ಸುಟ್ಟ ಇಟ್ಟಿಗೆಗೆ ಸರಾಸರಿ 4.25 ಮೆಗಾಜೂಲ್ ಶಕ್ತಿ ಬೇಕು, ಸುಮಾರು ಕಾಲು ಕೆ.ಜಿ. ಸೌದೆಯಷ್ಟು. 20,000 ಇಟ್ಟಿಗೆ ಅಂದರೆ ಐದು ಟನ್ ಸೌದೆ ಗೂಡಿಗೆ ಹೋಯಿತು. ನಮ್ಮ ಒಂದು ಬ್ಲಾಕಿನ ಗಾತ್ರಕ್ಕೆ ಅಂಥ ಸುಮಾರು ಎರಡೂವರೆ ಇಟ್ಟಿಗೆ ಬೇಕಾಗುತ್ತದೆ, ಅಂದರೆ 10 ಮೆಗಾಜೂಲಿಗೂ ಹೆಚ್ಚು. ನೂರಕ್ಕೆ 7ರಂತೆ ಹಾಕಿದರೆ ಬ್ಲಾಕಿನಲ್ಲಿರುವ ಸಿಮೆಂಟು ಅರ್ಧ ಕೆ.ಜಿ., ಅದರ ಶಕ್ತಿ 3 ಮೆಗಾಜೂಲ್. 10ಕ್ಕೆ ಏರಿಸಿದರೆ ಅದು 4 ದಾಟುತ್ತದೆ. ತೂಕ ಸರಿಯಾಗಿದ್ದರೆ ಈ ಏರಿಕೆಯ ಅಗತ್ಯವೇ ಬರುವುದಿಲ್ಲ.

ಕಲಸುವ ಕ್ರಮ ಹೀಗೆ. ಮಣ್ಣು, ಮರಳು ಎರಡನ್ನೂ 5 ಮಿ.ಮೀ. ಜರಡಿಯಲ್ಲಿ ಹಾಯಿಸು. ಒಂದು ಸಲಕ್ಕೆ 180 ಕೆ.ಜಿ. ಒಣ ಮಿಶ್ರಣ, ಕಾಲು ಮೂಟೆ ಸಿಮೆಂಟು, 24 ಬ್ಲಾಕ್. ಇದಕ್ಕಿಂತ ಜಾಸ್ತಿ ಕಲಸಬೇಡ. ನೀರು ಬಿದ್ದ ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು. ಇಡೀ ಮೂಟೆ ಕಲಸಿಟ್ಟು ಊಟಕ್ಕೆ ಹೋಗಿ ಬಂದರೆ ಆಮೇಲೆ ಒತ್ತಿದವು ಬರೀ ಮಣ್ಣಿನ ಹೆಂಟೆ. ಸಿಮೆಂಟನ್ನು ಒಣದರಲ್ಲೇ ಬಣ್ಣ ಒಂದಾಗುವವರೆಗೆ ತಿರುವಿಸಿ, ನೀರನ್ನು ಚಿಮುಕಿಸಬೇಕು, ಸುರಿಯಬಾರದು. ಒಟ್ಟು ಒಂದು 20 ಲೀಟರ್ ಬಕೆಟ್ಟು, ಮಣ್ಣಿನಲ್ಲಿ ಮೊದಲೇ ಪಸೆ ಇದ್ದರೆ ಅದರಲ್ಲಿ ಕಡಿತ.

ಹದ ನೋಡುವುದು ಕೈಯಿಂದಲೇ. ಮುಷ್ಟಿಯಲ್ಲಿ ಹಿಂಡಿ ಉಂಡೆ ಮಾಡಿ ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡು. ನಾಲ್ಕೈದು ಚೂರಾದರೆ ಹದ ಸರಿ. ಚಪ್ಪಟೆಯಾಗಿ ಅಂಟಿಕೊಂಡರೆ ನೀರು ಹೆಚ್ಚು, ಪುಡಿಪುಡಿಯಾದರೆ ಕಡಿಮೆ. ನೀರು ಕಡಿಮೆಯಾದ ಬ್ಲಾಕಿನ ಮೂಲೆ ಎತ್ತುವಾಗಲೇ ಉದುರುತ್ತದೆ. ಹೆಚ್ಚಾದದ್ದು ಅಚ್ಚಿಗೆ ಕಚ್ಚಿಕೊಳ್ಳುತ್ತದೆ, ಹೊರಬಂದ ಮೇಲೆ ಅಡ್ಡಡ್ಡ ಪದರ ಬಿಡುತ್ತದೆ.

ಒತ್ತಿದ್ದನ್ನು ನೆರಳಲ್ಲಿ ಐದಾರು ವರಸೆಗಿಂತ ಎತ್ತರ ಪೇರಿಸದೆ ಇಟ್ಟು, ಹುಲ್ಲು ಅಥವಾ ಗೋಣಿತಾಟು ಹೊದಿಸು. ಮಾರನೆಯ ದಿನದಿಂದ ದಿನಕ್ಕೆರಡು ಸಲ ನೀರು ಚಿಮುಕಿಸಬೇಕು, 28 ದಿನ. ಸುಟ್ಟ ಇಟ್ಟಿಗೆಯ ಅಭ್ಯಾಸದವರಿಗೆ ಇದು ಒಗ್ಗುವುದಿಲ್ಲ. ಒಂದು ವಾರಕ್ಕೇ ಗಟ್ಟಿಯಾಗಿ ಕಾಣುತ್ತದೆ, ಎತ್ತಿ ಗೋಡೆಗಿಡುತ್ತಾರೆ. ಒಣಗಿದ ಮಣ್ಣು ಸಿಮೆಂಟಿಲ್ಲದೆಯೂ ಗಟ್ಟಿಯಾಗಿಯೇ ಇರುತ್ತದೆ ಅಣ್ಣ, ಅದನ್ನು ನಂಬಬಾರದು. ಒದ್ದೆಯಾದಾಗ ಎಷ್ಟು ತಡೆಯುತ್ತದೆ ಅನ್ನುವುದೇ ನಿಜವಾದ ಬಲ. ಹಸಿ ಬಲ ಒಣ ಬಲದ ಅರ್ಧದಷ್ಟಿರುವುದು ಸಾಮಾನ್ಯ. 28 ದಿನದ ಮೇಲೆ ನಾಲ್ಕೈದನ್ನು ಎರಡು ದಿನ ಪೂರ್ತಿ ನೀರಲ್ಲಿ ಮುಳುಗಿಸಿಡು. ಅಂಚು ಕರಗಬಾರದು, ಮೊಳೆಯಿಂದ ಗೀರಿದರೆ ಗೆರೆ ಮಾತ್ರ ಬೀಳಬೇಕು, ಮಣ್ಣು ಕಿತ್ತು ಬರಬಾರದು. ಕೆಲವನ್ನು ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೂ ಕೊಡು. ಇದಕ್ಕೆಂದೇ ಐಎಸ್ 1725 ಅನ್ನುವ ಭಾರತೀಯ ಮಾನಕ ಇದೆ. ನೆನೆಸಿದ ಬ್ಲಾಕನ್ನೇ ಒಡೆದು ನೋಡಲು ಹೇಳು. ಮಲಗಿಸಿ ಒತ್ತಿದಾಗ 13 ಟನ್ ಭಾರ ತಡೆದರೆ ನಾನಿಲ್ಲಿ ನಿಶ್ಚಿಂತೆಯಾಗಿರುತ್ತೇನೆ.

ಕಟ್ಟುವಾಗ ಗಾರೆ ಬ್ಲಾಕಿಗಿಂತ ಬಿರುಸಾಗಬಾರದು. ಸಿಮೆಂಟು 1, ಅದೇ ಕೆಂಪು ಮಣ್ಣು 1, ಮರಳು 6. ಬ್ಲಾಕನ್ನು ಸ್ವಲ್ಪ ಹೊತ್ತು ನೀರಲ್ಲದ್ದಿ ತೆಗೆದು ಇಡಬೇಕು. ತೀರಾ ಒಣಗಿದ್ದರೆ ಗಾರೆಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ತೊಟ್ಟಿಕ್ಕುವಷ್ಟು ನೆನೆದಿದ್ದರೂ ಅಂಟುವುದಿಲ್ಲ.

ಇಲ್ಲಿ ಗ್ರೆನೋಬಲ್ ಸುತ್ತಮುತ್ತಲ ಹಳ್ಳಿಗಳಲ್ಲಿ ಹಳೆಯ ಮಣ್ಣಿನ ಮನೆಗಳು ಬೇಕಾದಷ್ಟಿವೆ. ಪಿಸೆ ಅನ್ನುತ್ತಾರೆ. ಹಲಗೆಗಳ ನಡುವೆ ಮಣ್ಣು ತುಂಬಿ ಕುಟ್ಟಿದ, ಅರ್ಧ ಮೀಟರ್ ದಪ್ಪದ ಗೋಡೆಗಳು. ಹಂತ ಹಂತದ ಸಂದಿನಲ್ಲಿ ಸುಣ್ಣದ ಗಾರೆಯ ಬಿಳಿ ಗೆರೆ ದೂರದಿಂದಲೇ ಕಾಣುತ್ತದೆ. ಒಳಗೆ ಒಂದು ಹಿಡಿ ಸಿಮೆಂಟಿಲ್ಲ. ಕೆಳಗೆ ಕಲ್ಲಿನ ಪಾಯ ಮೇಲೆದ್ದಿರುತ್ತದೆ, ಸೂರು ಗೋಡೆಯಿಂದ ಬಹಳ ಆಚೆಗೆ ಚಾಚಿರುತ್ತದೆ. ಮಣ್ಣಿನ ಗೋಡೆಗೆ ಒಳ್ಳೆಯ ಬೂಟು, ಒಳ್ಳೆಯ ಟೋಪಿ ಬೇಕು ಅಂತ ಇಲ್ಲಿಯವರು ಹೇಳುವುದು ಇದನ್ನೇ. ಮಣ್ಣಿಗೆ ಸಿಮೆಂಟು ಬೆರೆಸಿದರೆ ಅದು ಮತ್ತೆ ಮಣ್ಣಾಗುವುದಿಲ್ಲ, ಬೆರೆಸಲೇಬಾರದು ಅಂತ ವಾದಿಸುವ ಸಂಶೋಧಕರು ಇಲ್ಲಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಆರು ಇಂಚಿನೊಳಗಿನ ಗೋಡೆಗೆ ನಮ್ಮ ಮುಂಗಾರಿನ ಎರಚಲು ಬಿದ್ದರೆ ಸಿಮೆಂಟಿಲ್ಲದ ಮಣ್ಣು ನಿಲ್ಲದು. ಹೊರಗೋಡೆಗೆ ಸಿಮೆಂಟು ನೂರಕ್ಕೆ 7 ಇರಲಿ. ಭಾರ ಹೊರದ ಒಳಗಿನ ಅಡ್ಡಗೋಡೆಗೆ ಬೇಕಾದರೆ ಸಿಮೆಂಟಿಲ್ಲದ, ಸುಡದ ಹಸಿ ಇಟ್ಟಿಗೆಯೇ ಸಾಕು ಅಂತ ನನ್ನ ಅಭಿಪ್ರಾಯ.

ಬೂಟು, ಟೋಪಿ ಮಾತ್ರ ನಮಗೂ ಬೇಕು. ನೆಲಮಟ್ಟದಿಂದ ಒಂದೂವರೆ ಅಡಿ ಕಲ್ಲಿನ ಕಟ್ಟಡ, ಅದರ ಮೇಲೆ ತೇವ ಏರದಂತೆ ಪಟ್ಟಿ, ಮಳೆ ಹೊಡೆಯುವ ಕಡೆಗೆಲ್ಲ ಎರಡಡಿ ಸಜ್ಜ. ಹೊರಗೆ ಸಿಮೆಂಟಿನ ದಪ್ಪ ಗಿಲಾವು ಬಳಿಸಬೇಡ. ಅದು ಗೋಡೆಯ ಜೊತೆ ಹಿಗ್ಗದು, ಕುಗ್ಗದು. ಒಂದು ಬಿರುಕಿನಲ್ಲಿ ನೀರು ಹೊಕ್ಕರೆ ಹಿಂದೆಯೇ ನಿಂತು, ಹಾಳೆಹಾಳೆಯಾಗಿ ಕಳಚುತ್ತದೆ. ಸಂದು ತೀಡಿಸಿ ಬ್ಲಾಕನ್ನು ಹಾಗೇ ಬಿಡು, ಕೆಂಪು ಗೋಡೆ ನೋಡಲೂ ಚಂದ.

ಐದಾರು ಜನರಿದ್ದರೆ ದಿನಕ್ಕೆ 500 ಬ್ಲಾಕಿನ ಹತ್ತಿರ ಒತ್ತಬಹುದು. ಒಂದು ಚದರ ಮೀಟರ್ ಗೋಡೆಗೆ 28 ಬೇಕು, ಒಡೆಯುವುದಕ್ಕೆ ಒಂದೆರಡು ಸೇರಿಸಿ ಲೆಕ್ಕ ಹಾಕು. ಮಳೆ ಹಿಂದೆ ಸರಿಯುವವರೆಗೆ ಒತ್ತಲು ಶುರು ಮಾಡಬೇಡ. ಅಷ್ಟರಲ್ಲಿ ಗುಂಡಿಯ ಎರಡು ಮೂರು ಕಡೆಯಿಂದ ಮಣ್ಣು ತೆಗೆದು ಬೇರೆ ಬೇರೆ ಜಾಡಿಯಲ್ಲಿ ಪರೀಕ್ಷೆ ಮಾಡಿ, ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ ಫೋಟೊ ಕಳಿಸು. ಮರಳು ಎಷ್ಟು ಬೆರೆಸಬೇಕು ಅಂತ ನೋಡಿ ಬರೆಯುತ್ತೇನೆ.

ಇಂತಿ ನಿನ್ನ ತಮ್ಮ