ನಮ್ಮೋರೇ ಅಲ್ವಾ ಅಂತ ಪೇಪರ್ ಇಲ್ದೇ ಕಾರ್ ಮಾರೋದು

ಸಂಪಾದಕರಿಗೆ ನಮಸ್ಕಾರ,

ಓದಕ್ಕೆ, ಕೆಲಸಕ್ಕೆ ಅಂತ ಜರ್ಮನಿಗೆ ಬರೋ ಕನ್ನಡದೋರು ಈಗ ಜಾಸ್ತಿ. ನಿಮ್ಮ ಪೇಪರ್ ತರಿಸೋ ಎಷ್ಟೋ ಮನೆಗಳ ಮಗನೋ ಮಗಳೋ ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ಇರ್ತಾರೆ, ಅದಕ್ಕೇ ಈ ಪತ್ರ. ವಿಷ್ಯ ಸೆಕೆಂಡ್ ಹ್ಯಾಂಡ್ ಕಾರು. ಇಲ್ಲಿ ನಮ್ಮ ಜನ ಒಬ್ರಿಗೊಬ್ರು ಕಾರ್ ಮಾರ್ಕೊಳೋ ರೀತಿ ನೋಡಿದ್ರೆ ನಿಜವಾಗ್ಲೂ ಭಯ ಆಗುತ್ತೆ. ಊರಿಗೆ ವಾಪಸ್ ಹೊರಟೋರು ವಾಟ್ಸಾಪ್ ಗ್ರೂಪಲ್ಲಿ ಫೋಟೋ ಹಾಕ್ತಾರೆ, ಹೊಸದಾಗಿ ಬಂದೋರು ನೋಡ್ತಾರೆ, ದುಡ್ಡು ಟ್ರಾನ್ಸ್‌ಫರ್ ಆಗುತ್ತೆ, "ನಮ್ಮೋರೇ ಅಲ್ವಾ, ಅಗ್ರಿಮೆಂಟ್ ಎಲ್ಲ ಯಾಕೆ" ಅಂತ ಕಾಫಿ ಕೊಟ್ಟು ಕೀ ಕೊಟ್ಟು ಕಳಿಸ್ತಾರೆ. ಗಾಡಿ ಇನ್ನೂ ಮಾರಿದೋರ ಹೆಸರಲ್ಲೇ ಓಡ್ತಿರುತ್ತೆ, ಅವರು ಅಷ್ಟೊತ್ತಿಗೆ ಬೆಂಗಳೂರು ಸೇರಿರ್ತಾರೆ.

ಇದು ಊರಿಂದ್ಲೇ ಬಂದ ಅಭ್ಯಾಸ ಬಿಡಿ. ಅಲ್ಲೂ ಫಾರ್ಮ್ 29, 30ಕ್ಕೆ ಸೈನ್ ಹಾಕಿ ಬ್ರೋಕರ್ ಕೈಗೆ ಕೊಟ್ರೆ ಮುಗೀತು ಅಂದ್ಕೋತೀವಿ, ಮಾರಿದ 14 ದಿನದಲ್ಲಿ ಆರ್‌ಟಿಓಗೆ ತಿಳಿಸ್ಬೇಕು ಅನ್ನೋ ಕಾನೂನು ಎಷ್ಟು ಜನಕ್ಕೆ ನೆನಪಿರುತ್ತೆ, ಆಮೇಲೆ ಯಾರೋ ಸಿಗ್ನಲ್ ಜಂಪ್ ಮಾಡಿದ್ದಕ್ಕೆ ಹಳೇ ಓನರ್ ಮೊಬೈಲಿಗೆ ಫೈನ್ ಮೆಸೇಜ್ ಬರ್ತಾ ಇರುತ್ತೆ.

ಜರ್ಮನಿಲಿ ಈ ಆಟ ಇನ್ನೂ ದುಬಾರಿ, ಅದೂ ಮಾರೋರಿಗೇ. ಪ್ರೈವೇಟಾಗಿ ಮಾರುವಾಗ "ಆಮೇಲೆ ಕೆಟ್ರೆ ನನ್ನ ಜವಾಬ್ದಾರಿ ಅಲ್ಲ" ಅಂತ ಅಗ್ರಿಮೆಂಟಲ್ಲಿ ಬರ್ಕೊಳಕ್ಕೆ ಕಾನೂನು ಬಿಡುತ್ತೆ. ಆದ್ರೆ ಹಾಗೆ ಬರ್ಕೊಂಡಿಲ್ಲ ಅಂದ್ರೆ ಮಾರುವಾಗ್ಲೇ ಗಾಡಿಲಿದ್ದ ದೋಷಕ್ಕೆ ಎರಡು ವರ್ಷ ಮಾರಿದೋರೇ ಹೊಣೆ! ಅಂದ್ರೆ ಸ್ನೇಹಕ್ಕೆ ಅಂತ ಪೇಪರ್ ಬೇಡ ಅಂದೋರು ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹಾಕ್ಕೊಂಡ ಹಾಗೆ. ವೆಹಿಕಲ್ ಟ್ಯಾಕ್ಸೂ ಅಷ್ಟೇ, ನಮ್ಮಲ್ಲಿ ಥರ ಲೈಫ್‌ಟೈಮ್ ಒಂದೇ ಸಲ ಕಟ್ಟೋದಲ್ಲ, ವರ್ಷ ವರ್ಷ ಬ್ಯಾಂಕ್ ಅಕೌಂಟಿಂದ ಕಸ್ಟಮ್ಸ್ ಇಲಾಖೆಯೋರು ಎಳ್ಕೊತಾರೆ (ಹೌದು, 2014ರಿಂದ ಇದು ಕಸ್ಟಮ್ಸ್ ಕೆಲಸ), ಗಾಡಿ ಕೈ ಬದಲಾಗಿದೆ ಅಂತ ರಿಜಿಸ್ಟ್ರೇಶನ್ ಆಫೀಸಿಗೆ ಗೊತ್ತಾಗೋವರೆಗೂ ಹಳೇ ಹೆಸರಿಗೇ ಬಿಲ್ಲು. ಸ್ಪೀಡ್ ಕ್ಯಾಮೆರಾ ನೋಟಿಸೂ ಮೊದಲು ಹೋಗೋದು ರಿಜಿಸ್ಟರ್ ಆಗಿರೋ ವಿಳಾಸಕ್ಕೆ.

ಅದಕ್ಕೆ ಮಾರೋರು ಸಾಧ್ಯ ಆದ್ರೆ ಗಾಡಿನ ಡಿರಿಜಿಸ್ಟರ್ ಮಾಡ್ಸಿ ಕೊಡಿ, ಈಗ ಅದು ಆನ್‌ಲೈನಲ್ಲೂ ಆಗುತ್ತೆ. ತಗೊಳೋರಿಗೆ ಸ್ವಲ್ಪ ರಗಳೆ, ಐದು ದಿನದ ಟೆಂಪರರಿ ನಂಬರ್ ಪ್ಲೇಟ್ ಮಾಡ್ಸಿ ಮನೆಗೆ ತರ್ಬೇಕು, ಆದ್ರೂ ಪರವಾಗಿಲ್ಲ. ಇಲ್ಲ ಪ್ಲೇಟ್ ಸಮೇತಾನೇ ಕೊಡ್ತೀನಿ ಅಂದ್ರೆ ಅಗ್ರಿಮೆಂಟಲ್ಲಿ ತಾರೀಖು ಮಾತ್ರ ಅಲ್ಲ, ಕೀ ಕೊಟ್ಟ ಟೈಮನ್ನೂ ಬರೀರಿ, ಇಬ್ರೂ ಸೈನ್ ಹಾಕಿ, ಅವತ್ತೇ ಇನ್ಶೂರೆನ್ಸಿಗೂ ರಿಜಿಸ್ಟ್ರೇಶನ್ ಆಫೀಸಿಗೂ ತಿಳಿಸಿ. ಅಗ್ರಿಮೆಂಟ್ ಫಾರ್ಮ್ ಇಲ್ಲಿನ ಆಟೋಮೊಬೈಲ್ ಕ್ಲಬ್ ಎಡಿಎಸಿ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗುತ್ತೆ, ಲಾಯರೂ ಬೇಡ ಏನೂ ಬೇಡ.

ಇನ್ನು ತಗೊಳೋರ ವಿಷ್ಯ. ಇವರು ರೇಟು, ಕಿಲೋಮೀಟರು, ಬಣ್ಣ ನೋಡ್ತಾರೆ, ಹಿಂದಿನ ಪ್ಲೇಟ್ ಮೇಲಿರೋ ದುಂಡನೆ ಸ್ಟಿಕ್ಕರ್ ನೋಡಲ್ಲ. ಎಲ್ರೂ ಟ್ಯುಫ್ ಅಂತಾರಲ್ಲ, ಗಾಡಿ ರಸ್ತೆಗೆ ಯೋಗ್ಯ ಇದ್ಯಾ ಅಂತ ನೋಡೋ ಆ ತಪಾಸಣೆ ಎರಡು ವರ್ಷಕ್ಕೊಮ್ಮೆ ಆಗ್ಲೇಬೇಕು, ಸ್ಟಿಕ್ಕರಿನ ಮಧ್ಯದಲ್ಲಿ ಇರೋದು ವರ್ಷ, ಮೇಲ್ತುದಿಗೆ ಬಂದಿರೋ ನಂಬರ್ ತಿಂಗಳು, ಅಲ್ಲಿಗೆ ಅವಧಿ ಮುಗೀತು. ಮುಂದಿನ ತಿಂಗಳೇ ಮುಗಿಯೋ ಕಾರು ಅಗ್ಗಕ್ಕೆ ಸಿಕ್ತು ಅಂತ ಕುಣೀಬೇಡಿ, ತಪಾಸಣೆ ಫೀಸ್ ದೊಡ್ಡದಲ್ಲ, ಫೇಲ್ ಆದ್ರೆ ಬ್ರೇಕು, ಸಸ್ಪೆನ್ಷನ್ನು, ತುಕ್ಕು ಅಂತ ರಿಪೇರಿ ಖರ್ಚು ಕಾರಿನ ರೇಟನ್ನೇ ಮೀರಿಸ್ಬಹುದು. ಹಳೇ ತಪಾಸಣೆ ರಿಪೋರ್ಟುಗಳನ್ನ ಕೇಳಿ ಇಸ್ಕೊಳ್ಳಿ, ಪ್ರತಿಯೊಂದ್ರಲ್ಲೂ ಆವತ್ತಿನ ಕಿಲೋಮೀಟರ್ ಬರ್ದಿರುತ್ತೆ, ಮೀಟರ್ ತಿರುಗ್ಸಿದ್ರೆ ಅಲ್ಲೇ ಸಿಕ್ಕಿ ಬೀಳುತ್ತೆ. ಮೀಟರ್ ತಿರುಗ್ಸೋದು ಇಲ್ಲಿ ಕ್ರಿಮಿನಲ್ ಅಪರಾಧ, ಆದ್ರೂ ತಿರುಗ್ಸೋರು ಇದ್ದಾರೆ.

ರಿಜಿಸ್ಟ್ರೇಶನ್ ಪೇಪರಿನ ಎರಡನೇ ಭಾಗ, ಬ್ರೀಫ್ ಅಂತಾರೆ, ಅದರ ಒರಿಜಿನಲ್ ಕಣ್ಣಾರೆ ನೋಡ್ದೇ ಒಂದ್ ಯೂರೋನೂ ಕೊಡ್ಬೇಡಿ. ಲೋನ್ ಬಾಕಿ ಇದ್ರೆ ಸಾಮಾನ್ಯವಾಗಿ ಅದು ಬ್ಯಾಂಕಲ್ಲಿರುತ್ತೆ. "ಪೋಸ್ಟಲ್ಲಿ ಕಳಿಸ್ತೀನಿ" ಅಂದ್ರೆ ಕಾಫಿ ಕುಡ್ದು ಎದ್ದು ಬನ್ನಿ. ಆಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಏಳಕ್ಷರದ ಇ-ವಿ-ಬಿ ನಂಬರ್ (ಇನ್ಶೂರೆನ್ಸ್ ಇದೆ ಅನ್ನೋದಕ್ಕೆ ಪುರಾವೆ), ಪಾಸ್‌ಪೋರ್ಟು, ವಿಳಾಸದ ಪೇಪರ್, ಟ್ಯಾಕ್ಸಿಗೆ ಬ್ಯಾಂಕ್ ಒಪ್ಪಿಗೆ, ತಪಾಸಣೆ ರಿಪೋರ್ಟು ಇಷ್ಟಿದ್ರೆ ರಿಜಿಸ್ಟ್ರೇಶನ್ ಆಫೀಸಿನ ಕೆಲಸ ಬೇಗ ಮುಗಿಯುತ್ತೆ, ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ ಅಷ್ಟೇ. ಇನ್ಶೂರೆನ್ಸ್ ರೇಟನ್ನ ಕಾರ್ ನೋಡಕ್ಕೆ ಹೋಗೋ ಮುಂಚೆನೇ ಲೆಕ್ಕ ಹಾಕಿ, ಊರಲ್ಲಿ ಎಷ್ಟೇ ವರ್ಷ ಆಕ್ಸಿಡೆಂಟ್ ಇಲ್ದೇ ಓಡ್ಸಿದ್ರೂ ಇಲ್ಲಿ ಸಾಮಾನ್ಯವಾಗಿ ಸೊನ್ನೆಯಿಂದ ಶುರು. ಟ್ಯಾಕ್ಸಲ್ಲೂ 2009ರ ಜುಲೈಯಿಂದೀಚೆಗೆ ಮೊದಲ ಸಲ ರಿಜಿಸ್ಟರ್ ಆದ ಗಾಡಿ ಆದ್ರೆ ವರ್ಷಕ್ಕೆ ಪೆಟ್ರೋಲಿಗೆ 100 ಸಿಸಿಗೆ 2 ಯೂರೋ, ಡೀಸೆಲಿಗೆ 9.50, ಅದರ ಮೇಲೆ ಹೊಗೆಯ ಸಿಓ2 ಲೆಕ್ಕ ಬೇರೆ, ಡೀಸೆಲ್ ಅಗ್ಗ ಅಂತ ಹಾರಿ ಬೀಳೋ ನಮ್ಮೋರು ಇದನ್ನ ನೋಡಿರಲ್ಲ.

ಡೀಲರ್ ಹತ್ರ ಐನೂರೋ ಸಾವಿರವೋ ಯೂರೋ ಜಾಸ್ತಿ ಆದ್ರೂ ಹೊಸಬ್ರಿಗೆ ಅದೇ ವಾಸಿ ಅಂತ ನನ್ನ ಅಭಿಪ್ರಾಯ. ಅವರು ಕಮ್ಮಿ ಅಂದ್ರೂ ಒಂದು ವರ್ಷ ಹೊಣೆ ಹೊರ್ಬೇಕು, 2022ರಿಂದ ಮೊದಲ ಹನ್ನೆರಡು ತಿಂಗಳು ದೋಷ ಮುಂಚೆ ಇರ್ಲಿಲ್ಲ ಅಂತ ಸಾಬೀತು ಮಾಡೋದೂ ಅವರ ಕೆಲಸ. ಆದ್ರೆ ಅಗ್ರಿಮೆಂಟಲ್ಲಿ ಮಾರೋರು ಅನ್ನೋ ಜಾಗದಲ್ಲಿ ಡೀಲರ್ ಬದ್ಲು ಯಾವ್ದೋ ಪ್ರೈವೇಟ್ ವ್ಯಕ್ತಿ ಹೆಸರಿದ್ರೆ ಸೈನ್ ಹಾಕ್ಬೇಡಿ, ಈ ಹೊಣೆ ತಪ್ಪಿಸ್ಕೊಳಕ್ಕೇ ಕೆಲವರು ಹಾಗೆ ಮಾಡೋದು.

ಇನ್ನೊಂದು. ಲೈಸೆನ್ಸ್ ಇದ್ಯಾ ಅಂತ ಯಾರೂ ಕೇಳ್ದೇನೇ ಇಲ್ಲಿ ಕಾರ್ ನಿಮ್ಮ ಹೆಸರಿಗೆ ಆಗ್ಬಿಡುತ್ತೆ. ಆದ್ರೆ ಇಂಡಿಯಾ ಲೈಸೆನ್ಸ್ ನಡೆಯೋದು ಇಲ್ಲಿ ವಾಸ ಶುರು ಮಾಡಿ ಆರು ತಿಂಗಳು ಮಾತ್ರ, ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗ್ಬೇಕು, ಆಗ್ದೇ ಓಡ್ಸಿದ್ರೆ ಅದು ಬರೀ ಫೈನಲ್ಲ, ಕ್ರಿಮಿನಲ್ ಕೇಸು. ಮಕ್ಕಳು ಕಾರ್ ತಗೊಂಡೆ ಅಂತ ಫೋಟೋ ಕಳಿಸ್ದಾಗ ಅಪ್ಪ ಅಮ್ಮ ಮೊದಲು ಇದನ್ನ ಕೇಳಿ.

ಇಲ್ಲಿನ ಕನ್ನಡ ಸಂಘಗಳಿಗೆ ಒಂದು ವಿನಂತಿ, ರಾಜ್ಯೋತ್ಸವಕ್ಕೆ ಹೋಳಿಗೆ ಊಟ ಚೆನ್ನಾಗೇ ಹಾಕ್ಸ್ತೀರ, ಜೊತೆಗೆ ಆ ಎಡಿಎಸಿ ಅಗ್ರಿಮೆಂಟ್ ಫಾರ್ಮನ್ನ ಹೇಗೆ ತುಂಬೋದು ಅಂತ ಕನ್ನಡದಲ್ಲಿ ಬರ್ದು ಗ್ರೂಪಲ್ಲಿ ಪಿನ್ ಮಾಡಿ, ಕಾರ್ ಫೋಟೋ ಹಾಕೋರಿಗೆಲ್ಲ ಅದನ್ನೇ ಮೊದಲು ತೋರ್ಸಿ.

ಇಂತಿ,
ಸ್ಟುಟ್‌ಗಾರ್ಟಿನಿಂದ ನಿಮ್ಮ ಓದುಗ